ಬಯಲುಸೀಮೆಯ ಗಾಳಿ, ಸಿಡಿಲು ಮತ್ತು ‘ಒಂದೆರಡು ಕಡೆ’ ಮಳೆ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಹಿರೇಹಡಗಲಿಯ ಆಚೆಗಿನ ಬಯಲಿನಲ್ಲಿ ನಿಂತು ನೋಡಿದರೆ ಎಲ್ಲೋ ಒಂದೆಡೆ ದೂಳು ಗಿರ್ರನೆ ಸುತ್ತುತ್ತ ಮೇಲೇರುವುದು ಕಾಣುತ್ತದೆ. ಒಣಗಿದ ಎಲೆ, ಜೋಳದ ರವದಿ, ಹರಿದ ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಎತ್ತಿಕೊಂಡು ಅದು ಹೊಲದಿಂದ ಹೊಲಕ್ಕೆ ಓಡುತ್ತದೆ. ಒಂದೆರಡು ನಿಮಿಷದಲ್ಲಿ ಕುಸಿದು ಇಲ್ಲವಾಗುತ್ತದೆ. ಹುಡುಗರು ಅದರೊಳಗೆ ನುಗ್ಗಲು ಓಡುತ್ತಾರೆ. ಹಿರಿಯರು ‘ದೆವ್ವದ ಗಾಳಿ, ಹೋಗಬ್ಯಾಡ್ರೋ’ ಎಂದು ಗದರುತ್ತಾರೆ.

ಅಮೆರಿಕದ ‘ಟ್ವಿಸ್ಟರ್’ (1996) ಚಿತ್ರವನ್ನು ಟೀವಿಯಲ್ಲೋ ಮೊಬೈಲಿನಲ್ಲೋ ನೋಡಿದ ಹುಡುಗನಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಮನೆ, ಲಾರಿ, ದನಗಳನ್ನು ಆಕಾಶಕ್ಕೆಸೆಯುವ ಆ ಗಾಳಿಯೂ ಈ ಹೊಲದ ಗಾಳಿಯೂ ಒಂದೇ ಜಾತಿಯವೇ? ಅಂಥದ್ದು ಇಲ್ಲಿಗೂ ಬರಬಹುದೇ? ಬಂದರೆ ಮೊದಲೇ ಗೊತ್ತಾಗುತ್ತದೆಯೇ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡೂ ಸುತ್ತುತ್ತವೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ನಂಟಿಲ್ಲ. ಹೊಲದ ಸುಂಟರಗಾಳಿ ನೆಲದಿಂದ ಹುಟ್ಟುತ್ತದೆ. ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಹಗುರಾದ ಆ ಗಾಳಿ ಮೇಲೇರುತ್ತದೆ, ಸುತ್ತಲಿನ ಗಾಳಿ ಆ ಜಾಗಕ್ಕೆ ಸುಳಿಯುತ್ತ ನುಗ್ಗುತ್ತದೆ. ಆಗ ಆಕಾಶದಲ್ಲಿ ಮೋಡವೇ ಇರುವುದಿಲ್ಲ. ಟಾರ್ನೆಡೊ ಹಾಗಲ್ಲ. ಅದರ ತಾಯಿ ಮೋಡ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆದ, ಇಡಿಯಾಗಿ ನಿಧಾನವಾಗಿ ತಿರುಗುತ್ತಿರುವ ದೈತ್ಯ ಗುಡುಗುಮೋಡದ ಹೊಟ್ಟೆಯಿಂದ ಸೊಂಡಿಲಿನಂತೆ ಇಳಿದು ನೆಲ ಮುಟ್ಟುವ ಗಾಳಿ ಅದು.

ಅಂಥ ಮೋಡ ತಿರುಗಬೇಕಾದರೆ ನೆಲದ ಬಳಿಯ ಗಾಳಿಗೂ ಮೇಲಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಬಹಳ ವ್ಯತ್ಯಾಸವಿರಬೇಕು. ಅಮೆರಿಕದ ನಡುಬಯಲಿನಲ್ಲಿ ಈ ಸನ್ನಿವೇಶ ಪ್ರತಿ ವಸಂತದಲ್ಲೂ ಒದಗುತ್ತದೆ. ಆ ದೇಶದಲ್ಲಿ ವರ್ಷಕ್ಕೆ ಸುಮಾರು 1,200 ಟಾರ್ನೆಡೊಗಳು ದಾಖಲಾಗುತ್ತವೆ. ಭಾರತ ಉಪಖಂಡದಲ್ಲಿ ಅದು ಒದಗುವ ಜಾಗ ಬಂಗಾಳ, ಒಡಿಶಾ, ಬಾಂಗ್ಲಾದೇಶದ ಸುತ್ತಮುತ್ತ, ಮಾರ್ಚಿಯಿಂದ ಮೇ ತಿಂಗಳವರೆಗೆ. ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಟಾರ್ನೆಡೊ ಅಮೆರಿಕದ್ದಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಸಾಟುರಿಯಾ ಪ್ರದೇಶವನ್ನು ಒರೆಸಿಹಾಕಿದ್ದು. ಸತ್ತವರು ಸುಮಾರು 1,300 ಮಂದಿ ಎಂದು ಅಂದಾಜು. ದೆಹಲಿಯಲ್ಲೇ 1978ರ ಮಾರ್ಚ್ 17ರಂದು ವಿಶ್ವವಿದ್ಯಾಲಯದ ಪರಿಸರದಲ್ಲಿ ಇಂಥ ಗಾಳಿ ಹಾದುಹೋಗಿ 28 ಜನ ಸತ್ತರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್ಪಾಯ್‌ಗುಡಿ ಜಿಲ್ಲೆಯಲ್ಲಿ ನೂರಾರು ಮನೆಗಳು ಬಿದ್ದವು, ಜೀವಗಳೂ ಹೋದವು.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಕಡೆ ಬೇಸಿಗೆಯಲ್ಲಿ ಮೇಲಿನ ಗಾಳಿ ಅಷ್ಟು ಬಿರುಸಾಗಿರುವುದಿಲ್ಲ. ಮೋಡ ಬೆಳೆಯುತ್ತದೆ, ಗುಡುಗುತ್ತದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ತನ್ನ ಮಳೆಯ ಭಾರಕ್ಕೇ ಕುಸಿಯುತ್ತದೆ. ತಿರುಗಲು ಅದಕ್ಕೆ ಪುರುಸೊತ್ತಿಲ್ಲ. ಟಾರ್ನೆಡೊ ಬರುವುದೇ ಇಲ್ಲವೆಂದು ಆಣೆ ಮಾಡಿ ಹೇಳಲಾಗದು. ಆದರೆ ಅದರ ಭಯದಲ್ಲಿ ನಿದ್ದೆಗೆಡುವ ಕಾರಣವಂತೂ ಇಲ್ಲ. ನಿದ್ದೆಗೆಡಬೇಕಾದ ಸಂಗತಿಗಳು ಬೇರೆ ಇವೆ.

ತಿರುಗಿತೋ, ಮೇಲಿನಿಂದ ಬಿತ್ತೋ?

ಬೇಸಿಗೆಯ ಕೊನೆಗೆ ಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ‘ಬಿರುಗಾಳಿಗೆ ತಗಡು ಹಾರಿದವು’, ‘ವಿದ್ಯುತ್ ಕಂಬ ಧರೆಗೆ’, ‘ಬಾಳೆ ನೆಲಕಚ್ಚಿತು’. ಓದಿದವರು, ಕೆಲವೊಮ್ಮೆ ಬರೆದವರೂ, ಇದನ್ನು ಸುಂಟರಗಾಳಿ ಎಂದೇ ಕರೆದುಬಿಡುತ್ತಾರೆ. ಆದರೆ ಇದರಲ್ಲಿ ಬಹುಪಾಲು ಸುತ್ತುವ ಗಾಳಿಯಲ್ಲ, ಮೇಲಿನಿಂದ ಬೀಳುವ ಗಾಳಿ.

ಇದನ್ನು ಕಂಡುಹಿಡಿದ ಕತೆ ಸ್ವಾರಸ್ಯವಾಗಿದೆ. ಜಪಾನಿನ ಟೆಡ್ ಫುಜಿತಾ ಎರಡನೇ ಮಹಾಯುದ್ಧದ ಕೊನೆಗೆ ನಾಗಾಸಾಕಿಯಲ್ಲಿ ಬಾಂಬು ಬಿದ್ದ ಜಾಗವನ್ನು ಪರಿಶೀಲಿಸಿದ್ದವರು. ಬಾಂಬು ಸಿಡಿದ ಜಾಗದಿಂದ ಸುತ್ತಲೂ ಹೊರಮುಖವಾಗಿ, ನಕ್ಷತ್ರದ ಕಿರಣಗಳಂತೆ ಮರಗಳು ಬಿದ್ದಿದ್ದವು. ಮುಂದೆ ಅವರು ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಿ ಟಾರ್ನೆಡೊಗಳ ಪರಿಣತರಾದರು. ಅವುಗಳ ಬಲವನ್ನು ಅಳೆಯುವ ಫುಜಿತಾ ಮಾಪಕ (1971) ಅವರದೇ. 1974ರಲ್ಲಿ ವಿಮಾನದಿಂದ ಟಾರ್ನೆಡೊ ಹಾನಿಯನ್ನು ನೋಡುತ್ತಿದ್ದಾಗ ಕೆಲವು ಕಾಡುಗಳಲ್ಲಿ ಮರಗಳು ಅದೇ ನಾಗಾಸಾಕಿಯ ರೀತಿಯಲ್ಲಿ ಮಲಗಿದ್ದು ಅವರ ಕಣ್ಣಿಗೆ ಬಿತ್ತು. ಮರುವರ್ಷ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಗುಡುಗುಮಳೆಯ ನಡುವೆ ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಮೋಡದಿಂದ ಗಾಳಿಯ ರಾಶಿ ನೇರ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಎಲ್ಲ ದಿಕ್ಕಿಗೂ ಚೆಲ್ಲುತ್ತದೆ ಎಂದು ಫುಜಿತಾ ವಾದಿಸಿದರು. ಮೊದಲಿಗೆ ಹಲವರು ಒಪ್ಪಲಿಲ್ಲ. ಈಗ ಪೈಲಟ್ ಆಗುವ ಪ್ರತಿಯೊಬ್ಬರೂ ಅದನ್ನು ಕಲಿಯುತ್ತಾರೆ.

ಬಯಲುಸೀಮೆಗೆ ಈ ವಿದ್ಯಮಾನ ಹೇಳಿ ಮಾಡಿಸಿದಂತಿದೆ. ಇಲ್ಲಿ ಬೇಸಿಗೆಯ ಮೋಡದ ತಳ ಎತ್ತರದಲ್ಲಿರುತ್ತದೆ, ಅದರ ಕೆಳಗಿನ ಗಾಳಿ ಒಣಗಿರುತ್ತದೆ. ಬೀಳುವ ಮಳೆಹನಿ ನಡುದಾರಿಯಲ್ಲೇ ಆವಿಯಾಗುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಆ ಗಾಳಿಯೂ ತಂಪಾಗುತ್ತದೆ. ತಂಪಾದ ಗಾಳಿ ಭಾರ. ಅದು ಒಮ್ಮೆಲೇ ಕುಸಿದು, ಹೊಲದ ಮೇಲೆ ಹರಡಿ, ಕೆಂಪು ದೂಳಿನ ಗೋಡೆಯನ್ನೇ ಎಬ್ಬಿಸಿಕೊಂಡು ಊರಿಗೆ ನುಗ್ಗುತ್ತದೆ. ಜೋರಾದದ್ದು ಗಂಟೆಗೆ ನೂರು ಕಿ.ಮೀ. ವೇಗವನ್ನೂ ಮೀರಬಲ್ಲದು. ಮಳೆಗೆ ಮುಂಚೆ ಸುಡುಬಿಸಿಲಿನ ನಡುವೆ ಥಟ್ಟನೆ ಮುಖಕ್ಕೆ ಬಡಿಯುವ ತಂಗಾಳಿ ಇದೇ. ‘ಆಹಾ’ ಎನ್ನಿಸುವ ಆ ಗಾಳಿ ನಿಜವಾಗಿ ಒಂದು ಎಚ್ಚರಿಕೆ. ಮೋಡ ಕೆಲವೇ ಕಿಲೋಮೀಟರ್ ದೂರದಲ್ಲಿದೆ ಎಂದು ಅದರ ಅರ್ಥ.

ಬಿದ್ದದ್ದು ಯಾವ ಗಾಳಿಗೆ ಎಂದು ತಿಳಿಯಲು ವಿದ್ಯಾರ್ಥಿಗಳಿಗೆ ಯಾವ ಉಪಕರಣವೂ ಬೇಡ. ಮರುದಿನ ಊರು ಸುತ್ತಿ, ಯಾವ ಮರ ಯಾವ ದಿಕ್ಕಿಗೆ ಬಿದ್ದಿದೆ, ಯಾವ ತಗಡು ಎತ್ತ ಹಾರಿದೆ ಎಂದು ಹಾಳೆಯ ಮೇಲೆ ಬಾಣದ ಗುರುತು ಹಾಕಬೇಕು. ಬಾಣಗಳೆಲ್ಲ ಒಂದೇ ಕಡೆಗೋ ಬೀಸಣಿಗೆಯಂತೆ ಹೊರಗೋ ಹೋದರೆ ಅದು ಬಿದ್ದ ಗಾಳಿ. ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು, ಹಾನಿಯೆಲ್ಲ ಕಿರಿದಾದ ಪಟ್ಟಿಯಂತೆ ಕಂಡರೆ ತಿರುಗಿದ ಗಾಳಿಯ ಅನುಮಾನ. ಫುಜಿತಾ ಮಾಡಿದ್ದೂ ಇದನ್ನೇ, ಸ್ವಲ್ಪ ದೊಡ್ಡ ಹಾಳೆಯ ಮೇಲೆ.

ತಗಡಿನ ಮಾತು ಬಂದದ್ದರಿಂದ ಇನ್ನೊಂದು. ಈ ಭಾಗದ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಚಾವಣಿ ಸೋರುತ್ತಿತ್ತು, ಕುಸಿಯುತ್ತಿತ್ತು, ಆದರೆ ಹಾರುತ್ತಿರಲಿಲ್ಲ. ಹಿರೇಹಡಗಲಿಯ ಹನ್ನೊಂದನೇ ಶತಮಾನದ ಕಲ್ಲೇಶ್ವರ ದೇಗುಲದ ಮಾತಂತೂ ಬೇಡವೇ ಬೇಡ. ತಗಡು ಹಗುರ, ಅಗ್ಗ, ಬೇಗ ಹಾಕಬಹುದು. ಅದರ ಮೇಲೆ ಹಾಯುವ ಗಾಳಿ ವಿಮಾನದ ರೆಕ್ಕೆಯನ್ನು ಎತ್ತುವಂತೆ ಅದನ್ನೂ ಎತ್ತುತ್ತದೆ. ಹಾರದಿರಲೆಂದು ಮೇಲೆ ಹೇರುವ ಕಲ್ಲುಗಳು ಗಾಳಿಯ ದಿನ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತವೆ. ತೊಲೆಗೆ ಬೋಲ್ಟ್ ಹಾಕಿ ಬಿಗಿಯುವುದಕ್ಕೆ ಖರ್ಚಾಗುವುದು ಕಲ್ಲು ಹೊರುವುದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಗಾಳಿಗಿಂತ ದೊಡ್ಡ ಕಂಟಕ

ಇಷ್ಟಾದರೂ ಗಾಳಿ ಹೆಚ್ಚಾಗಿ ಆಸ್ತಿಯನ್ನು ಒಯ್ಯುತ್ತದೆ. ಜೀವ ಒಯ್ಯುವುದು ಅದೇ ಮೋಡದ ಇನ್ನೊಂದು ಕೂಸು, ಸಿಡಿಲು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಗಳಿಂದ ಸತ್ತವರು 8,060. ಅವರಲ್ಲಿ 2,887 ಮಂದಿ ಸಿಡಿಲಿಗೆ ಬಲಿಯಾದವರು. ಹಿಂದಿನ ವರ್ಷ 2,880, ಅದರ ಹಿಂದಿನ ವರ್ಷ 2,862. ಪ್ರವಾಹ, ಚಂಡಮಾರುತಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಸಿಡಿಲಿನದು ಹೆಚ್ಚುಕಡಿಮೆ ಒಂದೇ ಸಮನೆ ನಿಂತಿದೆ. ಒಂದೇ ದಿನ ಒಂದೇ ಊರಿನಲ್ಲಿ ನೂರು ಜನ ಸಾಯುವುದಿಲ್ಲವಾದ್ದರಿಂದ ಅದು ದೊಡ್ಡ ಸುದ್ದಿಯೂ ಆಗುವುದಿಲ್ಲ. ಇಲ್ಲಿ ಒಬ್ಬ ಕುರಿಗಾಹಿ, ಅಲ್ಲಿ ಒಬ್ಬ ರೈತ ಮಹಿಳೆ, ಮತ್ತೊಂದೆಡೆ ಕ್ರಿಕೆಟ್ ಆಡುತ್ತಿದ್ದ ಹುಡುಗ, ಹೀಗೆ ಒಳಪುಟದ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ಹುಡುಗರ ಮಾತನ್ನು ತಂದೆತಾಯಿಗಳು ಗಮನಿಸಬೇಕು. ರಾಜ್ಯದಲ್ಲಿ ಶಾಲೆಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ರೈತರ ಪಂಚಾಂಗದಲ್ಲಿ ಇದು ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ಎಲ್ಲರೂ ಕಾಯುವ ಮಳೆಯೂ, ಸಿಡಿಲು ಹೆಚ್ಚು ಬೀಳುವ ಮಳೆಯೂ ಒಂದೇ. ಈ ದಿನಗಳಲ್ಲಿ ಮಕ್ಕಳು ತರಗತಿಯ ಒಳಗಿರುವುದಿಲ್ಲ. ಮೈದಾನದಲ್ಲಿರುತ್ತಾರೆ, ದನ ಕುರಿಗಳ ಹಿಂದಿರುತ್ತಾರೆ, ಹೊಳೆಯಲ್ಲಿ ಈಜುತ್ತಿರುತ್ತಾರೆ. ಮೋಡ ಕಟ್ಟುವುದೂ ಬಹುತೇಕ ಮಧ್ಯಾಹ್ನ ಮೂರರಿಂದ ಸಂಜೆ ಏಳರ ನಡುವೆ, ಬಿಸಿಲು ತಗ್ಗಿತೆಂದು ಎಲ್ಲರೂ ಹೊರಗೆ ಬರುವ ಹೊತ್ತಿಗೆ.

ಬಯಲಿನಲ್ಲಿ ಮಳೆ ಬಂದರೆ ಜನ ಓಡುವುದು ಮರದ ಕೆಳಕ್ಕೆ. ನಾಲ್ಕಾರು ಹೊಲಗಳ ನಡುವೆ ಒಂದೇ ಬೇವಿನ ಮರ, ಒಂದೇ ಹುಣಸೆ ಮರ. ಸಿಡಿಲಿಗೂ ಎತ್ತರದ ವಸ್ತುವೇ ಇಷ್ಟ. ಮರಕ್ಕೆ ಬಡಿದ ಸಿಡಿಲು ಕಾಂಡದಲ್ಲಿ ಇಳಿಯುತ್ತ, ತನಗಿಂತ ಸುಲಭದ ದಾರಿ ಪಕ್ಕದಲ್ಲಿ ಸಿಕ್ಕರೆ ಅತ್ತ ಜಿಗಿಯುತ್ತದೆ. ಉಪ್ಪುನೀರಿನಿಂದ ತುಂಬಿದ ಮನುಷ್ಯನ ಮೈ ಒಣ ಕಾಂಡಕ್ಕಿಂತ ಸುಲಭದ ದಾರಿ. ನೇರ ಮೈಮೇಲೆ ಸಿಡಿಲು ಬಡಿದು ಸಾಯುವವರು ಕಡಿಮೆ. ಹೀಗೆ ಜಿಗಿದ ಸಿಡಿಲಿಗೆ, ನೆಲದಲ್ಲಿ ಹರಡಿದ ವಿದ್ಯುತ್ತಿಗೆ ಸಿಕ್ಕುವವರೇ ಹೆಚ್ಚು.

ಒಂದೇ ಸಿಡಿಲಿಗೆ ಹತ್ತಿಪ್ಪತ್ತು ಕುರಿ ಸತ್ತವೆಂಬ ಸುದ್ದಿ ಬಂದಾಗ ‘ಪ್ರತಿಯೊಂದಕ್ಕೂ ಬಡಿಯಿತೇ?’ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸಿಡಿಲು ನೆಲಕ್ಕಿಳಿದ ಜಾಗದಲ್ಲಿ ವಿದ್ಯುತ್ ಒತ್ತಡ ಅಪಾರ; ದೂರ ಹೋದಂತೆ ಕಡಿಮೆ. ಕುರಿಯ ಮುಂಗಾಲು ಒಂದು ಕಡೆ, ಹಿಂಗಾಲು ಒಂದು ಮೀಟರಿನಷ್ಟು ಆಚೆ. ಎರಡೂ ಕಡೆಯ ಒತ್ತಡದ ವ್ಯತ್ಯಾಸಕ್ಕೆ ತಕ್ಕಂತೆ ವಿದ್ಯುತ್ ಒಂದು ಕಾಲಿನಿಂದ ಹತ್ತಿ, ಎದೆಯನ್ನು ಹಾದು, ಇನ್ನೊಂದರಿಂದ ಇಳಿಯುತ್ತದೆ. 2016ರ ಆಗಸ್ಟ್‌ನಲ್ಲಿ ನಾರ್ವೆಯ ಪ್ರಸ್ಥಭೂಮಿಯೊಂದರಲ್ಲಿ ಗುಂಪುಗೂಡಿ ನಿಂತಿದ್ದ 323 ಹಿಮಸಾರಂಗಗಳು ಹೀಗೆಯೇ ಒಟ್ಟಿಗೆ ಸತ್ತುಬಿದ್ದವು. ಬೇರೆ ದಾರಿಯೇ ಇಲ್ಲದೆ ಬಯಲಲ್ಲಿ ಸಿಕ್ಕಿಬಿದ್ದವರು ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಒಬ್ಬರಿಂದೊಬ್ಬರು ದೂರವಿರಬೇಕು, ನೆಲದ ಮೇಲೆ ಮಲಗಬಾರದು ಎನ್ನುವುದು ಈ ಕಾರಣಕ್ಕೆ. ಅದು ಕೊನೆಯ ಉಪಾಯ ಮಾತ್ರ. ಪಕ್ಕಾ ಮನೆ, ಶಾಲೆ, ಕಿಟಕಿ ಏರಿಸಿದ ಬಸ್ಸು ಅಥವಾ ಕಾರು, ಇವು ಸಿಗುವಷ್ಟು ಮುಂಚೆಯೇ ಹೊರಡುವುದು ಸರಿಯಾದ ಉಪಾಯ. ಹಾಗೆ ಹೊರಡಬೇಕಾದರೆ ಮುಂಚೆಯೇ ಗೊತ್ತಾಗಬೇಕು.

‘ಒಂದೆರಡು ಕಡೆ’ ಎಂದರೆ ಎಷ್ಟು?

ಅಪಾಯವನ್ನು ಮೊದಲೇ ಹೇಳಿದರೆ ಜನ ಬೆದರುತ್ತಾರೆ ಎಂಬ ಅಂಜಿಕೆ ಹಳೆಯದು. ಅಮೆರಿಕದಲ್ಲಿ 1880ರ ದಶಕದಿಂದ 1938ರವರೆಗೆ ಸರಕಾರಿ ಮುನ್ಸೂಚನೆಯಲ್ಲಿ ‘ಟಾರ್ನೆಡೊ’ ಎಂಬ ಶಬ್ದವನ್ನೇ ಬಳಸುವಂತಿರಲಿಲ್ಲ. ಮೊದಲ ಬಾರಿಗೆ ಧೈರ್ಯ ಮಾಡಿದವರು ಒಕ್ಲಹಾಮಾದ ಟಿಂಕರ್ ವಾಯುನೆಲೆಯ ಇಬ್ಬರು ಅಧಿಕಾರಿಗಳು, ಫಾಬುಷ್ ಮತ್ತು ಮಿಲ್ಲರ್. 1948ರ ಮಾರ್ಚ್ 20ರಂದು ಟಾರ್ನೆಡೊ ಅವರ ನೆಲೆಯನ್ನೇ ಹಾಳುಗೆಡವಿತ್ತು. ಐದು ದಿನಗಳ ನಂತರ ಹವೆಯ ನಕ್ಷೆ ಅದೇ ರೀತಿ ಕಂಡಾಗ ಅವರು ಮುನ್ಸೂಚನೆ ಕೊಟ್ಟರು, ವಿಮಾನಗಳನ್ನು ಒಳಸೇರಿಸಲಾಯಿತು. ಸಂಜೆ ಟಾರ್ನೆಡೊ ಬಂದೇ ಬಂತು, ಅದೂ ಅದೇ ನೆಲೆಗೆ. ಯಾರಿಗೂ ಗಾಯವಾಗಲಿಲ್ಲ. ಒಂದೇ ಜಾಗಕ್ಕೆ ವಾರದೊಳಗೆ ಎರಡು ಸಲ ಬರುವುದು ಅಪರೂಪದಲ್ಲಿ ಅಪರೂಪ. ಅವರ ಅದೃಷ್ಟವೂ ದೊಡ್ಡದೇ ಅನ್ನಬೇಕು.

ಇಷ್ಟು ದಶಕಗಳ ನಂತರವೂ, ಉಪಗ್ರಹ, ರೇಡಾರು, ಸೈರನ್ ಎಲ್ಲ ಇರುವ ಆ ದೇಶದಲ್ಲಿ ಟಾರ್ನೆಡೊ ಎಚ್ಚರಿಕೆಗೂ ಗಾಳಿ ಬಡಿಯುವುದಕ್ಕೂ ನಡುವೆ ಸಿಗುವ ಸಮಯ ಸರಾಸರಿ ಹತ್ತು ನಿಮಿಷದ ಆಸುಪಾಸು. ಹತ್ತು ಎಚ್ಚರಿಕೆ ಕೊಟ್ಟರೆ ಸುಮಾರು ಏಳು ಸಲ ಏನೂ ಆಗುವುದಿಲ್ಲ. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್ ಪಟ್ಟಣದಲ್ಲಿ ಇಪ್ಪತ್ತು ನಿಮಿಷ ಮೊದಲೇ ಸೈರನ್ ಕೂಗಿತ್ತು. ಆದರೂ ಸುಮಾರು 160 ಜನ ಸತ್ತರು. ಆಮೇಲೆ ವಿಚಾರಿಸಿದಾಗ ತಿಳಿದದ್ದಿಷ್ಟು: ಜನರಿಗೆ ಸೈರನ್ ಕೇಳಿಸಿತ್ತು, ಆದರೆ ಅದು ಆಗಾಗ ಕೂಗುವುದು ರೂಢಿಯಾಗಿತ್ತು. ಹಲವರು ಟೀವಿ ಹಾಕಿದರು, ಬಾಗಿಲಾಚೆ ಬಂದು ಆಕಾಶ ನೋಡಿದರು, ಮತ್ತೊಂದು ಖಾತ್ರಿಗಾಗಿ ಕಾದರು.

ಭಾರತದಲ್ಲಿ ಚಂಡಮಾರುತದ ಎಚ್ಚರಿಕೆ ಗೆದ್ದಿದೆ. 1999ರ ಒಡಿಶಾ ಮಹಾಚಂಡಮಾರುತದಲ್ಲಿ ಸತ್ತವರು ಹತ್ತು ಸಾವಿರದ ಹತ್ತಿರ. 2013ರ ಫೈಲಿನ್ ಚಂಡಮಾರುತದಲ್ಲಿ ಐವತ್ತರ ಒಳಗೆ. ಆದರೆ ಚಂಡಮಾರುತ ನೂರಾರು ಕಿ.ಮೀ. ಅಗಲದ್ದು, ದಿನಗಟ್ಟಲೆ ಸಮುದ್ರದಲ್ಲಿ ಕಣ್ಣೆದುರೇ ನಡೆದುಬರುವಂಥದ್ದು. ಗುಡುಗುಮೋಡ ಹುಟ್ಟಿ ಸಾಯುವುದೇ ಒಂದು ಗಂಟೆಯಲ್ಲಿ. ಒಲೆಯ ಮೇಲಿನ ಎಸರು ಕುದಿಯುತ್ತದೆಂದು ಹೇಳಬಹುದು. ಮೊದಲ ಗುಳ್ಳೆ ಪಾತ್ರೆಯ ಯಾವ ಮೂಲೆಯಲ್ಲಿ ಏಳುತ್ತದೆಂದು ಹೇಳುವುದು ಕಷ್ಟ.

ಇಲ್ಲಿ ಒಂದು ಲೆಕ್ಕ ಮಾಡಬಹುದು. ಹಿರೇಹಡಗಲಿ ಇರುವ ವಿಜಯನಗರ ಜಿಲ್ಲೆಯ ವಿಸ್ತೀರ್ಣ ಐದೂವರೆ ಸಾವಿರ ಚದರ ಕಿ.ಮೀ.ಗೂ ಹೆಚ್ಚು. ಹತ್ತು ಕಿ.ಮೀ. ಅಡ್ಡಗಲದ ಒಂದು ಗುಡುಗುಮೋಡ ಮುಚ್ಚುವುದು ಸುಮಾರು 78 ಚದರ ಕಿ.ಮೀ. ಅಂದರೆ ಜಿಲ್ಲೆಯ ಎಪ್ಪತ್ತರಲ್ಲಿ ಒಂದು ಪಾಲು. ಒಂದು ಸಂಜೆ ಅಂಥ ಐದು ಮೋಡ ಹುಟ್ಟಿದವು, ಅವು ಸರಿದಾಡಿ ತಮ್ಮ ಎರಡರಷ್ಟು ಜಾಗವನ್ನು ನೆನೆಸಿದವು ಎಂದುಕೊಂಡರೂ ಏಳರಲ್ಲಿ ಆರು ಊರುಗಳಲ್ಲಿ ಹನಿಯೂ ಬೀಳುವುದಿಲ್ಲ. ‘ಜಿಲ್ಲೆಯಲ್ಲಿ ಗುಡುಗು ಸಿಡಿಲು ಸಹಿತ ಮಳೆ’ ಎಂಬ ಎಚ್ಚರಿಕೆ ನೂರಕ್ಕೆ ನೂರು ನಿಜವಾದ ದಿನವೂ ಆರು ಊರಿನವರು ‘ಹವಾಮಾನ ಇಲಾಖೆಯವರು ಮಳೆ ಅಂದರೆ ಕೊಡೆ ಮನೆಯಲ್ಲೇ ಬಿಡಬಹುದು’ ಎಂದು ನಗುತ್ತಾರೆ. ತಮಾಷೆಗೆ ನಗುವುದರಲ್ಲಿ ತಪ್ಪಿಲ್ಲ. ಮುಂದಿನ ಸಲ ಏಳನೆಯ ಊರು ತಮ್ಮದಾಗಬಹುದು ಎಂಬುದನ್ನು ಮರೆತರೆ ಮಾತ್ರ ಕಷ್ಟ.

ಆಕಾಶವಾಣಿಯ ವಾರ್ತೆಯ ಕೊನೆಗೆ ಬರುವ ಹವಾಮಾನ ವರದಿ ಕೇಳಿ ಬೆಳೆದವರಿಗೆ ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು ಬಾಯಿಪಾಠ. ಇವು ವರದಿಗಾರರ ಅಲಂಕಾರವಲ್ಲ. ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆಯಾಗುವುದಿದ್ದರೆ ಒಂದೆರಡು ಕಡೆ, ಶೇ. 26ರಿಂದ 50 ಆದರೆ ಕೆಲವೆಡೆ, 51ರಿಂದ 75 ಆದರೆ ಹಲವೆಡೆ, ಅದಕ್ಕೂ ಮೇಲಾದರೆ ಬಹುತೇಕ ಕಡೆ. ಹೀಗೆ ಒಂದೊಂದಕ್ಕೂ ಅಳತೆಯಿದೆ. ಅದನ್ನು ಕೇಳುಗರಿಗೆ ಯಾರೂ ಬಿಡಿಸಿ ಹೇಳಲಿಲ್ಲ ಅಷ್ಟೆ. ಬಣ್ಣಗಳದೂ ಇದೇ ಕತೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಆದರೆ ಸಿಡಿಲು ಹಳದಿ ದಿನವೂ ಕೊಲ್ಲುತ್ತದೆ. ಬಣ್ಣ ಹೇಳುವುದು ಇಡೀ ಜಿಲ್ಲೆಗೆ ಆಗಬಹುದಾದ ತೊಂದರೆಯ ಪ್ರಮಾಣವನ್ನೇ ಹೊರತು, ಬಯಲಿನ ಮರದ ಕೆಳಗೆ ನಿಂತ ಒಬ್ಬನ ಅಪಾಯವನ್ನಲ್ಲ.

ಮೋಡ ಹುಟ್ಟಿದ ಮೇಲೆ ಚಿತ್ರ ಬದಲಾಗುತ್ತದೆ. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗೆ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದ್ದ ಜಾಗದಿಂದ 20 ಮತ್ತು 40 ಕಿ.ಮೀ. ಸುತ್ತಳತೆಯೊಳಗೆ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. 1988ರಲ್ಲಿ ಬರ ಪರಿಶೀಲನಾ ಘಟಕವಾಗಿ ಬೆಂಗಳೂರಿನಲ್ಲಿ ಶುರುವಾದ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ; ‘ಸಿಡಿಲು’ ಎಂಬ ಆ್ಯಪನ್ನೂ ತಂದಿದೆ. ರೇಡಾರು ಮಾತ್ರ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಅದರ ಕಣ್ಣು ನಿಂತಿದೆ. ಭೂಮಿ ದುಂಡಗಿರುವುದರಿಂದ ಇನ್ನೂರು ಕಿ.ಮೀ. ಆಚೆಗೆ ಅದರ ಕಿರಣ ನೆಲದಿಂದ ಮೂರು ನಾಲ್ಕು ಕಿ.ಮೀ. ಮೇಲೆ ಹಾಯುತ್ತದೆ. ಮೋಡದ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ.

ಇನ್ನು ಗಡಿಯ ತೊಡಕು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮೋಡಕ್ಕೆ ಇದಾವುದೂ ಗೊತ್ತಿಲ್ಲ. ಹಿರೇಹಡಗಲಿ ಹೋಬಳಿಯವರಿಗೆ ತುಂಗಭದ್ರೆಯ ಆಚೆ ಹಾವೇರಿ, ಗದಗ ಜಿಲ್ಲೆಗಳು. ಹೊಳೆಯಾಚೆಯ ಜಿಲ್ಲೆಗೆ ಬಂದ ಎಚ್ಚರಿಕೆ ತಮಗೂ ಬಂದಂತೆಯೇ ಎಂದುಕೊಳ್ಳುವುದು ವಾಸಿ.

ಕಾರಣಿಕದ ಮೌನ, ಮೊಬೈಲಿನ ಗದ್ದಲ

ಹಡಗಲಿ ತಾಲ್ಲೂಕಿನವರಿಗೆ ಮುನ್ಸೂಚನೆ ಹೊಸದಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆತ ನುಡಿಯುವುದು ಒಂದೇ ಸಾಲು. ಅದರಲ್ಲಿ ಕೆಲವರು ಮಳೆಯನ್ನು ಕಾಣುತ್ತಾರೆ, ಕೆಲವರು ಬೆಳೆಯನ್ನು, ಮತ್ತೆ ಕೆಲವರು ಮಂತ್ರಿಗಳ ಭವಿಷ್ಯವನ್ನು. ಆ ನಂಬಿಕೆ ಅವರವರದು. ಎಚ್ಚರಿಕೆ ಕೊಡುವವರು ಅಲ್ಲಿಂದ ಕಲಿಯುವುದು ಎರಡಿದೆ. ಒಂದು, ನುಡಿ ಚಿಕ್ಕದು, ಎಲ್ಲರಿಗೂ ಏಕಕಾಲಕ್ಕೆ ಕೇಳಿಸುತ್ತದೆ. ಕೇಳಿಸಿಕೊಂಡವರು ಊರಿಗೆ ಒಯ್ದು ಮಾತಾಡಿಕೊಳ್ಳುತ್ತಾರೆ. ಎರಡು, ಕಾರಣಿಕಕ್ಕೆ ಹತ್ತು ಅರ್ಥವಿದ್ದರೆ ಚೆಂದ. ಸಿಡಿಲಿನ ಎಚ್ಚರಿಕೆಗೆ ಒಂದಕ್ಕಿಂತ ಹೆಚ್ಚು ಅರ್ಥ ಇರಕೂಡದು.

ಮೊಬೈಲಿಗೆ ಬರುವ ಸಂದೇಶ ಸಾಲದ ಜಾಹೀರಾತು, ರೀಚಾರ್ಜ್ ನೆನಪುಗಳ ನಡುವೆ ಕಳೆದುಹೋಗುತ್ತದೆ. 2023ರ ಅಕ್ಟೋಬರ್ 12ರಂದು ರಾಜ್ಯದ ಫೋನುಗಳೆಲ್ಲ ವಿಚಿತ್ರವಾಗಿ ಒಟ್ಟಿಗೆ ಕೂಗಿಕೊಂಡದ್ದು ಅನೇಕರಿಗೆ ನೆನಪಿರಬಹುದು. ಗೋಪುರದ ವ್ಯಾಪ್ತಿಯ ಎಲ್ಲ ಫೋನಿಗೂ ಒಮ್ಮೆಗೇ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆಯ ಪರೀಕ್ಷೆ ಅದು. ಅದು ಉತ್ತಮವೇ. ಆದರೆ ಮಂದೆಯ ಹಿಂದೆ ಹೋದ ಕುರಿಗಾಹಿಯ ಕಿಸೆಯಲ್ಲಿರುವುದು ಹಲವೊಮ್ಮೆ ಗುಂಡಿಯ ಫೋನು, ಅದರಲ್ಲಿ ಆ್ಯಪ್ ಕೂರದು. ಸಂಜೆಯ ಹೊತ್ತಿಗೆ ಚಾರ್ಜೂ ಉಳಿದಿರದು. ಹಿಂದೆ ಊರಿಗೊಂದು ಡಂಗುರವಿತ್ತು. ಈಗ ಪಂಚಾಯಿತಿಯ ಕಸದ ಗಾಡಿಗೆ ಧ್ವನಿವರ್ಧಕವಿದೆ, ಗುಡಿ ಮಸೀದಿಗಳಲ್ಲಿ ಮೈಕಿದೆ, ಶಾಲೆಯಲ್ಲಿ ಗಂಟೆಯಿದೆ. ಬೆಂಗಳೂರಿನಿಂದ ಹೊರಟ ಮಾತು ಫೋನಿನವರೆಗೆ ಬರುವುದು ಸೆಕೆಂಡುಗಳ ಕೆಲಸ. ಫೋನಿನಿಂದ ಹೊಲದವರೆಗೆ ಹೋಗುವುದಕ್ಕೆ ಯಾರಾದರೂ ಮನುಷ್ಯರೇ ಬೇಕು, ಮತ್ತು ಬಹುಪಾಲು ಮನೆಗಳಲ್ಲಿ ಫೋನು ಓದಬಲ್ಲವರು ಹೈಸ್ಕೂಲಿನ ಮಕ್ಕಳು.

ಫೋನೇ ಇಲ್ಲದಿದ್ದರೂ ಎಣಿಕೆ ಬಂದರೆ ಸಾಕು. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರದಲ್ಲಿ ಬಿತ್ತೆಂದು ತಿಳಿಯುತ್ತದೆ, ಏಕೆಂದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎಣಿಕೆ 30ಕ್ಕಿಂತ ಕಡಿಮೆಯಾದರೆ, ಎಂದರೆ ಹತ್ತು ಕಿ.ಮೀ. ಒಳಗೆ ಬಂದರೆ, ಆಟ ನಿಲ್ಲಿಸಿ ಒಳಗೆ ಹೋಗಬೇಕು. ತಲೆಯ ಮೇಲೆ ಬಿಸಿಲಿದ್ದರೂ ಸರಿ. ಮೋಡದ ಅಂಚಿನಿಂದ ಹತ್ತು ಕಿ.ಮೀ. ಆಚೆ ಒಣ ನೆಲಕ್ಕೆ ಬಿದ್ದ ಸಿಡಿಲುಗಳಿವೆ. ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುವ ಅಜ್ಜಿಯರು ಮನೆಯೊಳಗೆ ಕೂತೇ ಹೇಳುತ್ತಾರೆ ಎಂಬುದನ್ನೂ ಮಕ್ಕಳು ಗಮನಿಸಲಿ.

ಕೆಲವು ತಪ್ಪು ತಿಳಿವಳಿಕೆಗಳನ್ನೂ ತೊಡೆಯಬೇಕು. ಮೊಬೈಲ್ ಫೋನು ಸಿಡಿಲನ್ನು ಸೆಳೆಯುವುದಿಲ್ಲ. ಗೋಡೆಗೆ ತಂತಿ ಚುಚ್ಚಿದ ಫೋನಿನಿಂದ, ಟೀವಿಯಿಂದ, ನಲ್ಲಿಯಿಂದ ದೂರವಿದ್ದರೆ ಸರಿ. ಬೈಕು, ಟ್ರ್ಯಾಕ್ಟರುಗಳ ರಬ್ಬರ್ ಗಾಲಿ ಕಾಪಾಡುವುದಿಲ್ಲ. ಕಾರು ಬಸ್ಸುಗಳಲ್ಲಿ ಕಾಪಾಡುವುದು ಸುತ್ತಲಿನ ಲೋಹದ ಗೂಡು, ಗಾಲಿಯಲ್ಲ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಕಿಲ್ಲ. ದೇಶದ ಕೆಲವು ಕಡೆ ಅಂಥವರನ್ನು ಸೆಗಣಿಯಲ್ಲಿ, ಕೆಸರಿನಲ್ಲಿ ಹೂಳುವ ರೂಢಿಯಿದೆ. ಆ ಹೊತ್ತಿನಲ್ಲಿ ನಿಂತಿರುವುದು ಹೃದಯ. ಎದೆಯನ್ನು ಒತ್ತಿ ಒತ್ತಿ ಅದನ್ನು ಮತ್ತೆ ಶುರುಮಾಡಿ 108ಕ್ಕೆ ಕರೆ ಮಾಡಿದರೆ ಬದುಕುವವರಿದ್ದಾರೆ.

ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಅರ್ಧ ಗಂಟೆ. ಕಟ್ಟಕಡೆಯ ಗುಡುಗು ಕೇಳಿ 30 ನಿಮಿಷ ಒಳಗೇ ಇರಬೇಕೆಂಬುದು ನಿಯಮ. ಅಷ್ಟರಲ್ಲಿ ಮಳೆ ನಿಂತಿರುತ್ತದೆ, ಬಿಸಿಲು ಮೂಡಿರುತ್ತದೆ, ನೆಲ ಘಮ್ಮೆನ್ನುತ್ತಿರುತ್ತದೆ. ಕುರಿಗಳು ಚದುರಿರುತ್ತವೆ, ಒಣಹಾಕಿದ್ದನ್ನು ಹೊದಿಸಬೇಕಿರುತ್ತದೆ, ಹುಡುಗರ ಆಟದಲ್ಲಿ ಇನ್ನೂ ನಾಲ್ಕು ಓವರು ಉಳಿದಿರುತ್ತದೆ. ಮೋಡದ ಹಿಂಬದಿಯಲ್ಲಿ ವಿದ್ಯುತ್ ಆಗಲೂ ಇರುತ್ತದೆ.